ವಂದನಾರ್ಪಣೆ ಬಾಕಿ

“ಏನು ಮಾಡಿದ್ದಿ ನೀ ಅವತ್ತು? ಒಂದು ಕಡ್ಡಿ ಇಲ್ಲಿಂದ ಎತ್ತಿ ಅಲ್ಲಿ ಇಟ್ಟಿದ್ದರ ಹೇಳು. ಈಗ, ಇಲ್ಲೇ, ಈ ಮಂದಿ ಮುಂದ ನಿಂತು ವಂದನೆ ಅಂತೀನಿ.”

ಕಸ್ತೂರಿ ಹೀಗೆ ಕೂಗಿದಾಗ ಅವಳ ಎರಡೂ ಕೈಗೆ ಜೋಳದ ಹಿಟ್ಟು ಮೆತ್ತಿತ್ತು, ಹಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು, ಅವಳ ಖಾನಾವಳಿಯ ಬೆಂಚುಗಳ ಮೇಲೆ ಕೂತ ಗಿರಾಕಿಗಳು ತುತ್ತು ಕೈಯಲ್ಲೇ ಹಿಡಿದು ನಮ್ಮಿಬ್ಬರ ಮುಖ ನೋಡುತ್ತಿದ್ದರು. ನಾನೂ ಸುಮ್ಮನಿರುವ ಪೈಕಿ ಅಲ್ಲ. ತೋರಣ ಕಟ್ಟಿದವನು ನಾನು ಎಂದೆ. ತೋರಣ ಕಟ್ಟಿದವನು ಮೆಹಬೂಬ, ನೀನು ಕೆಳಗೆ ನಿಂತು ಸೊಟ್ಟ ಆಯಿತು ಸೊಟ್ಟ ಆಯಿತು ಎಂದು ಅವನ ತಲೆ ತಿಂದೆ ಎಂದಳು. ಕುಡಿಯುವ ನೀರು ತುಂಬಿಸಿದವನು ನಾನು ಎಂದೆ. ನೀರು ತುಂಬಿಸಿದವನು ಗಂಗಾಧರ, ನೀನು ಅದರಲ್ಲಿ ಮುಖ ತೊಳೆದೆ ಎಂದಳು. ಗಿರಾಕಿಗಳಲ್ಲಿ ಒಬ್ಬ ನಕ್ಕ. ಅವನ ತಾಟು ಎತ್ತಿ ಬೀದಿಗೆ ಒಗೆಯುವಷ್ಟು ಸಿಟ್ಟು ಬಂತು ನನಗೆ. ಆದರೆ ತಾಟು ಅವಳದು, ಅದಕ್ಕೆ ಬೇರೆ ಜಗಳ ಆಗುತ್ತಿತ್ತು.

“ನನ್ನ ಮಗಳ ಲಗ್ನ ಅದ,” ಎಂದೆ. “ಲಗ್ನಪತ್ರಿಕಿ ಅಚ್ಚಿಗೆ ಕೊಡಬೇಕು. ಧಾರೆ ಎರಿಯೋರು ಯಾರು ಅಂತ ಪ್ರೆಸ್ಸಿನಾಂವ ಕೇಳಾಕತ್ತಾನ. ಏನಂತ ಹೇಳಲಿ?”

“ನಿನಗ ಮಗಳ ಲಗ್ನ ಅದ, ನನಗ ಏನೂ ಇಲ್ಲ ಅಂತ ತಿಳದೀ ಏನು?” ಅವಳು ಸೀದ ರೊಟ್ಟಿಯನ್ನು ಕಿತ್ತು ಬೂದಿಗೆ ಎಸೆದಳು. “ನಿನ್ನ ಒಬ್ಬನ ಹೆಸರಿಗೆ ಇಡೀ ಕ್ಲಾಸು ಕೂತದ. ಹೋಗು, ನೆನಪು ಮಾಡಿಕೊಂಡು ಬಾ.”

ನಮ್ಮ ಊರಿನವರಿಗೆ ಈ ಜಗಳ ಹೊಸದಲ್ಲ. ಹೊರಗಿನವರಿಗಾಗಿ ಒಂದೆರಡು ಮಾತು ಹೇಳುತ್ತೇನೆ. ನಮ್ಮ ಹೈಸ್ಕೂಲಿನ ಪಡಸಾಲೆಯಲ್ಲಿ ರೈಲುಹಳಿಯ ಒಂದು ತುಂಡು ತೂಗುತ್ತದೆ. ಅದೇ ಗಂಟೆ. ಹತ್ತನೇ ತರಗತಿಯ ಬೀಳ್ಕೊಡುಗೆಯ ದಿನ ಪ್ರಾರ್ಥನೆ, ಸ್ವಾಗತ, ಕುಣಿತ, ಭಾಷಣ, ಉಪ್ಪಿಟ್ಟು ಎಲ್ಲ ಮುಗಿದ ಮೇಲೆ ಒಬ್ಬರು ಎದ್ದು ವಂದನಾರ್ಪಣೆ ಮಾಡಬೇಕು, ನಮ್ಮ ತರಗತಿಗೆ ಆ ಕೆಲಸ ಕಸ್ತೂರಿಯದು. ತರಗತಿಯ ಪ್ರತಿಯೊಬ್ಬರ ಹೆಸರು ಹಿಡಿದು, ಅವತ್ತು ಇಂಥದ್ದು ಮಾಡಿದ್ದಕ್ಕೆ ವಂದನೆ ಎನ್ನಬೇಕು. ಹೆಸರು ಒಂದೂ ಬಿಡಬಾರದು, ಮಾತು ಒಂದೂ ಸುಳ್ಳಾಗಬಾರದು, ಬಾಯಿಮಾತಿನ ವಂದನೆಯೂ ನಡೆಯುವುದಿಲ್ಲ. ಆಮೇಲೆ ಜವಾನ ಹಳಿಗೆ ಸುತ್ತಿಗೆಯಿಂದ ಹೊಡೆಯುತ್ತಾನೆ. ಎಲ್ಲ ಸರಿಯಿದ್ದರೆ ಊರಿಗೆಲ್ಲ ಕೇಳುವ ಹಾಗೆ ಮೊಳಗುತ್ತದೆ, ಮಕ್ಕಳು ಗೇಟು ದಾಟಿ ದೊಡ್ಡವರಾಗುತ್ತಾರೆ. ಸರಿಯಿಲ್ಲದಿದ್ದರೆ ಹಸಿ ಗೋಣಿಚೀಲಕ್ಕೆ ಬಡಿಗೆಯಿಂದ ಬಡಿದ ಹಾಗೆ ತಪ್ ಎನ್ನುತ್ತದೆ, ಅಷ್ಟೇ. ಅದೇ ಹಳಿ, ಅದೇ ಸುತ್ತಿಗೆ, ಬೇರೆ ತರಗತಿಗಳಿಗೆ ಠಣ್ ಎನ್ನುತ್ತದೆ. ನಮ್ಮ ತರಗತಿಗೆ ಮೂವತ್ತು ವರ್ಷದಿಂದ ತಪ್.

ಹಾಗಾಗಿ ನಾವು ಇನ್ನೂ ಹತ್ತನೇ ತರಗತಿಯ ಹುಡುಗರು. ನಮಗೆಲ್ಲ ಐವತ್ತು ಹತ್ತಿರ ಬಂತು, ಕೆಲವರಿಗೆ ಹಲ್ಲು ಹೋದವು, ಹಿಟ್ಟಿನ ಗಿರಣಿ ಇಟ್ಟವನು ನಾನು, ಫಕ್ಕೀರಪ್ಪ, ಬೋರ್ಡು ಬರೆಯುವವನು ಮೆಹಬೂಬ, ಎಮ್ಮೆ ಕಟ್ಟಿದವನು ಈರಣ್ಣ. ಆದರೂ ಶನಿವಾರ ಬೆಳಿಗ್ಗೆ ಪ್ರಾರ್ಥನೆಗೆ ಸಾಲಿನಲ್ಲಿ ನಿಲ್ಲಬೇಕು, ಹಾಜರಿ ಕೂಗಿದಾಗ ಬಂದೇನ್ರಿ ಸರ್ ಎನ್ನಬೇಕು. ಹಿಂದೆ ಚಡ್ಡಿಯೇ ಹಾಕಬೇಕಿತ್ತು. ಒಬ್ಬ ಹೆಡ್‌ಮಾಸ್ತರರು ನಮ್ಮ ಮೀಸೆ ನೋಡಿ ದೊಡ್ಡ ಮನಸ್ಸು ಮಾಡಿ ಪ್ಯಾಂಟಿಗೆ ಪರವಾನಗಿ ಕೊಟ್ಟರು. ಬಸ್ಸಿನಲ್ಲಿ ನಮಗೆ ಅರ್ಧ ಟಿಕೆಟು. ಬೆಳಿಗ್ಗೆ ಶಾಲೆಯ ಹಾಲು ಕುಡಿಯುವ ಹಕ್ಕೂ ಇದೆ. ಈರಣ್ಣನ ಎಮ್ಮೆಯ ಹಾಲೇ ಶಾಲೆಗೆ ಹೋಗುತ್ತದೆ, ಅವನು ಅದನ್ನು ಅಲ್ಲಿ ಕೂತು ಪುನಃ ಕುಡಿದು ಬರುತ್ತಾನೆ. ರಾತ್ರಿ ಊರ ಹೊರಗೆ ಉಳಿಯಬೇಕಾದರೆ ರಜೆಯ ಅರ್ಜಿ ಬೇಕು, ಅದಕ್ಕೆ ಪೋಷಕರ ಸಹಿ ಬೇಕು. ತಂದೆತಾಯಿ ಇರುವವರೆಗೆ ಅವರು ಸಹಿ ಹಾಕಿದರು. ಈಗ ನನಗೆ ಸಹಿ ಹಾಕುವವಳು ನನ್ನ ಹೆಂಡತಿ ಶಿವಗಂಗಾ. ಅವಳು ನಮಗಿಂತ ಎರಡು ವರ್ಷ ಕಿರಿಯ ತರಗತಿ, ಆದರೆ ಅವರ ಗಂಟೆ ಮೊದಲ ಏಟಿಗೇ ಮೊಳಗಿತು. ನನ್ನ ಪ್ರಗತಿಪತ್ರ ಮನೆಗೆ ಬಂದರೆ ಅವಳು ಕನ್ನಡಕ ಹಾಕಿಕೊಂಡು, ‘ನಡತೆ: ಸಿಡುಕು, ಇನ್ನೂ ಸುಧಾರಿಸಬೇಕು’ ಎಂಬುದನ್ನು ಮಗಳಿಗೆ ಕೇಳುವಂತೆ ಜೋರಾಗಿ ಓದಿ, ಸಾವಕಾಶ ಸಹಿ ಮಾಡುತ್ತಾಳೆ. ಮೆಹಬೂಬನ ಸ್ಥಿತಿ ಇನ್ನೂ ಕೆಟ್ಟದ್ದು. ಅವನ ಮಗಳು ಅದೇ ಶಾಲೆಯಲ್ಲಿ ಓದಿ, ಬೀಳ್ಕೊಡುಗೆ ಮಾಡಿಸಿಕೊಂಡು, ಈಗ ಅಲ್ಲೇ ಟೀಚರು. ಶನಿವಾರ ಅಪ್ಪನ ಉಗುರು ನೋಡುತ್ತಾಳೆ.

ಇಷ್ಟನ್ನೆಲ್ಲ ಸಹಿಸಿಕೊಳ್ಳಬಹುದು. ನಾವೂ ಸಹಿಸಿಕೊಂಡೆವು. ಲಗ್ನವಾದೆವು, ಮಕ್ಕಳನ್ನು ಹೆತ್ತೆವು, ಸಾಲಿನಲ್ಲಿ ನಿಂತೆವು. ಸತ್ತವರಿಗೆ ಮಾತ್ರ ಶಾಲೆ ಟಿ.ಸಿ. ಕೊಟ್ಟಿತು. ಸಹಿಸಲಾಗದ್ದು ಒಂದೇ. ಬೀಳ್ಕೊಡುಗೆ ಆಗದವನು ದೊಡ್ಡವನಲ್ಲ, ದೊಡ್ಡವನಲ್ಲದವನು ಧಾರೆ ಎರೆಯುವ ಹಾಗಿಲ್ಲ. ನನ್ನ ಮಗಳು ಭಾಗೀರಥಿಯ ಕೈಯನ್ನು ಅವಳ ಗಂಡನ ಕೈಗೆ ಕೊಟ್ಟು ನೀರು ಎರೆಯಬೇಕಾದವನು, ಹಾಗಾದರೆ, ನನ್ನ ಹೆಂಡತಿಯ ತಮ್ಮ ಬಾಳಪ್ಪ. ಈ ಬಾಳಪ್ಪನನ್ನು ನೀವು ನೋಡಿಲ್ಲ, ಒಳ್ಳೆಯದಾಯಿತು. ಲಗ್ನ ಗೊತ್ತಾದ ದಿನವೇ ರೇಷ್ಮೆ ರುಮಾಲು ಕೊಂಡ. ನಮ್ಮ ಮನೆಯ ಹಿತ್ತಲಲ್ಲಿ ತುಂಬಿದ ತಂಬಿಗೆ ಹಿಡಿದು, ಕೈ ಎಷ್ಟು ಎತ್ತರಕ್ಕೆ ಇರಬೇಕು, ಧಾರೆ ಎಷ್ಟು ಸಣ್ಣಗೆ ಬೀಳಬೇಕು ಎಂದು ಕರಿಬೇವಿನ ಗಿಡದ ಮೇಲೆ ಅಭ್ಯಾಸ ಮಾಡುತ್ತಿದ್ದ. ನಾನು ಹೊರಗೆ ಬಂದರೆ, ಮಾವಾರ ಹೋಮ್‌ವರ್ಕ್ ಆಯಿತೇನು ಎಂದು ಕೇಳುತ್ತಿದ್ದ. ಆ ತಂಬಿಗೆಯನ್ನು ಎರಡು ಸಲ ಬಾವಿಗೆ ಒಗೆದೆ. ಎರಡೂ ಸಲ ಹೆಂಡತಿ ನನ್ನನ್ನೇ ಇಳಿಸಿ ತೆಗೆಸಿದಳು.

ಭಾಗೀರಥಿ ಒಂದು ದಿನ ಗಿರಣಿಗೆ ಊಟ ತಂದವಳು, ನಾನು ಉಣ್ಣುವುದನ್ನು ನೋಡುತ್ತ ಕೂತು, ಅಪ್ಪಾ ನೀನೇ ಎರೆದರೆ ಚಲೋ ಇತ್ತು ಎಂದಳು. ಗಿರಣಿಯ ಸದ್ದಿನಲ್ಲಿ ಕೇಳಿಸಲಿಲ್ಲ ಎನ್ನುವಂತೆ ಮುಖ ಮಾಡಿದೆ. ಅವತ್ತು ಮಧ್ಯಾಹ್ನವೇ ಖಾನಾವಳಿಗೆ ಹೋಗಿ ಕಸ್ತೂರಿಯ ಜೊತೆ ಆ ಜಗಳ ತೆಗೆದದ್ದು.

ಅವಳು ನೆನಪು ಮಾಡಿಕೊಂಡು ಬಾ ಎಂದಳಲ್ಲ, ಏನನ್ನು ನೆನಪು ಮಾಡಿಕೊಳ್ಳಲಿ? ಉಳಿದವರ ಕೆಲಸಗಳೆಲ್ಲ ನನಗೆ ನಿನ್ನೆಯ ಹಾಗೆ ನೆನಪಿವೆ. ಮೆಹಬೂಬ ಕರಿಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಿಂದ ಸುಸ್ವಾಗತ ಎಂದು ಬರೆದು ಎರಡೂ ಕಡೆ ನವಿಲು ಬಿಡಿಸಿದ್ದ. ಒಂದು ನವಿಲು ಕೋಳಿಯ ಹಾಗೆ ಬಂದಿತ್ತು. ಕೊಠಡಿಯ ತುಂಬ ಬಣ್ಣದ ಕಾಗದದ ಪರಪರಿ ಅಂಟಿಸಿದವನೂ ಅವನೇ. ನೀಲವ್ವ ಮತ್ತು ಸುವರ್ಣಾ ಕೋಲಾಟ ಆಡಿದ್ದರು. ಗಂಗಾಧರ ಆಗಿನ ಹೆಡ್‌ಮಾಸ್ತರರ ಅಣಕು ಮಾಡಿ, ಅವರ ಎದುರೇ ಅವರ ಹಾಗೆ ಕೆಮ್ಮಿದ್ದ. ಉಪ್ಪಿಟ್ಟು ಮಾಡಿದವನು ಈರಣ್ಣ, ಕೈಯಾಸರೆಗೆ ಕಸ್ತೂರಿ. ಆ ಉಪ್ಪಿಟ್ಟಿನ ಕತೆ ಊರಿಗೇ ಗೊತ್ತು. ಅದು ಗೋಡೆಗೆ ಎಸೆದರೆ ಅಂಟಿ ನಿಲ್ಲುತ್ತಿತ್ತು. ಅವತ್ತಿನಿಂದ ಅವನು ಅಂಟು ಈರಣ್ಣ. ಹೋಟೆಲು ಇಡಬೇಕೆಂದು ಆಸೆ ಇಟ್ಟುಕೊಂಡಿದ್ದವನು ಆಮೇಲೆ ಒಲೆಯ ಮುಂದೆ ಕೂರಲಿಲ್ಲ, ಎಮ್ಮೆ ಕಟ್ಟಿದ. ಅವನ ಮಕ್ಕಳನ್ನೂ ಅಂಟು ಈರಣ್ಣನ ಮಕ್ಕಳು ಎಂದೇ ಕರೆಯುತ್ತಾರೆ. ನನ್ನದು ಮಾತ್ರ ಏನೂ ನೆನಪಾಗುವುದಿಲ್ಲ. ಎಲ್ಲ ಕಡೆ ಓಡಾಡಿದ್ದೆ, ಎಲ್ಲರ ಮೇಲೂ ರೇಗಿದ್ದೆ, ಸಂಜೆ ಮುಖ ಊದಿಸಿಕೊಂಡು ಕೂತಿದ್ದೆ. ಅಷ್ಟೇ.

ಕಸ್ತೂರಿ ಪ್ರಯತ್ನ ಮಾಡಿಲ್ಲ ಎಂದು ನಾನು ಹೇಳುವುದಿಲ್ಲ. ಒಂದು ವರ್ಷ, ಬೆಂಚು ಸಾಗಿಸಿದ್ದಕ್ಕೆ ಫಕ್ಕೀರಪ್ಪನಿಗೆ ವಂದನೆ ಎಂದಳು. ತಪ್. ಇನ್ನೊಂದು ವರ್ಷ, ಊದುಬತ್ತಿ ಹಚ್ಚಿದ್ದಕ್ಕೆ ಎಂದಳು. ತಪ್. ಒಮ್ಮೆ ಬೇಸತ್ತು, ಸುಮ್ಮನೆ ಕೂತಿದ್ದಕ್ಕೆ ವಂದನೆ ಎಂದಾಗ ಇಡೀ ತರಗತಿ ನಕ್ಕಿತು. ಆ ಸಲದ ತಪ್ ಎಷ್ಟು ಸಣ್ಣಗೆ ಬಂತೆಂದರೆ, ನಾನು ಸುಮ್ಮನೆ ಕೂರುವವನಲ್ಲ ಎಂಬುದು ಆ ಕಬ್ಬಿಣಕ್ಕೂ ಗೊತ್ತಿದೆ ಎಂದು ಗಂಗಾಧರ ಅಂದ. ನಾನು ಅವನ ಅಂಗಿ ಹಿಡಿದೆ. ಇಬ್ಬರನ್ನೂ ಮಾಸ್ತರರು ಬೆಂಚಿನ ಮೇಲೆ ನಿಲ್ಲಿಸಿದರು.

ಈಗಿನ ಹೆಡ್‌ಮಾಸ್ತರು ಪ್ರಭುಲಿಂಗಪ್ಪ ನನಗಿಂತ ಹದಿನೈದು ವರ್ಷ ಚಿಕ್ಕವನು. ಖಾನಾವಳಿಯಿಂದ ನಾನು ನೆಟ್ಟಗೆ ಅವನ ಕೋಣೆಗೆ ಹೋಗಿ, ಲಗ್ನಕ್ಕೆ ಮುಂಚೆ ಬರುವ ಶನಿವಾರವೇ ಬೀಳ್ಕೊಡುಗೆ ಇಡಬೇಕು ಎಂದೆ. ವರ್ಷಕ್ಕೊಮ್ಮೆ ಮಾರ್ಚಿನಲ್ಲಿ ಎಂದ. ಮಾರ್ಚಿಗೆ ನನ್ನ ಮಗಳಿಗೆ ಕೂಸಾಗುತ್ತದೆ ಎಂದು ಮೇಜು ಗುದ್ದಿದೆ. ಅನುಮತಿ ಇಲ್ಲದೆ ಒಳಗೆ ಬಂದದ್ದಕ್ಕೆ ನನ್ನನ್ನು ಬಾಗಿಲ ಹೊರಗೆ ನಿಲ್ಲಿಸಿದ. ಆದರೆ ಸಂಜೆ ಗೋಧಿಯ ಡಬ್ಬಿ ಹಿಡಿದು ಗಿರಣಿಗೆ ಬಂದಾಗ ಅವನೇ ಬೇರೆ ಮನುಷ್ಯ. ಸಣ್ಣಗೆ ಬೀಸ್ರಿ ಅಣ್ಣಾರ ಎಂದು ಹೇಳಿ, ಆಚೆ ಈಚೆ ನೋಡಿ, ಶನಿವಾರ ಇಟ್ಟುಕೊಳ್ಳೋಣ, ಆದರೆ ಇನ್ನೊಮ್ಮೆ ಮೇಜು ಗುದ್ದಬ್ಯಾಡ್ರಿ, ಅದರ ಕಾಲು ಸಡಿಲ ಅದಾವ ಎಂದ.

ಶನಿವಾರ ಎಲ್ಲರೂ ಬಂದರು. ಬೀಳ್ಕೊಡುಗೆ ಎಂದರೆ ನಮಗೆ ಬಾಯಿಪಾಠ. ಪ್ರತಿ ವರ್ಷ ಅದೇ ಕೆಲಸ, ಅದೇ ಜನ, ಅದಲುಬದಲು ಮಾಡುವ ಹಾಗಿಲ್ಲ. ಮೆಹಬೂಬ ನವಿಲು ಬರೆದ. ಮೂವತ್ತು ವರ್ಷ ಬೋರ್ಡು ಬರೆದ ಕೈ ಅದು, ಆದರೂ ಬಲಗಡೆಯದು ಕೋಳಿಯೇ ಆಯಿತು. ನೀಲವ್ವ, ಸುವರ್ಣಾ ಕೋಲು ಹಿಡಿದು ನಿಂತರು. ನೀಲವ್ವನಿಗೆ ಮೊಣಕಾಲು ನೋವು, ಸುವರ್ಣಾ ಅಜ್ಜಿಯಾಗಿದ್ದಾಳೆ. ಹಿಂದೆ ಸುತ್ತು ತಿರುಗುತ್ತಿದ್ದಲ್ಲಿ ಈಗ ನಿಂತಲ್ಲೇ ಒಬ್ಬರ ಕೋಲಿಗೆ ಒಬ್ಬರು ತಟ್ಟುತ್ತಾರೆ, ದೂರದಿಂದ ನೋಡಿದವರಿಗೆ ಇಬ್ಬರು ಹೆಂಗಸರು ಬೆಲೆಗಾಗಿ ವಾದಿಸುತ್ತಿರುವ ಹಾಗೆ ಕಾಣುತ್ತದೆ. ಗಂಗಾಧರ ಅಣಕು ಮಾಡಿದ. ಆ ಹೆಡ್‌ಮಾಸ್ತರರು ತೀರಿಕೊಂಡು ಬಹಳ ಕಾಲವಾಯಿತು. ಗಂಗಾಧರನೇ ಈಗ ಅವರ ವಯಸ್ಸಿಗೆ ಬಂದು, ತಲೆ ಬೋಳಾಗಿ, ಕೆಮ್ಮೂ ನಿಜವಾದದ್ದೇ ಆಗಿದೆ. ಆ ಹೆಡ್‌ಮಾಸ್ತರರ ಹೆಂಡತಿ, ಮುದುಕಿ, ಪ್ರತಿ ವರ್ಷ ಮುಂದಿನ ಕುರ್ಚಿಯಲ್ಲಿ ಕೂತು ಅದೊಂದನ್ನು ನೋಡಿ ಎದ್ದು ಹೋಗುತ್ತಾರೆ. ಉಪ್ಪಿಟ್ಟಿನ ಸರದಿ ಬಂದಾಗ ಎಲ್ಲರೂ ಈರಣ್ಣನನ್ನು ನೋಡಿ ನಕ್ಕರು, ಅವನೂ ನಕ್ಕ. ಅವನು ಬರಿ ಒಂದು ಖಾಲಿ ಪಾತೇಲಿಯನ್ನು ಒಲೆಯ ಮೇಲೆ ಇಟ್ಟು ಇಳಿಸುತ್ತಾನೆ. ತಿನ್ನುವ ಉಪ್ಪಿಟ್ಟು ಕಸ್ತೂರಿಯ ಖಾನಾವಳಿಯಿಂದ ಬರುತ್ತದೆ. ನನ್ನ ಹೆಂಡತಿ, ಮಗಳು, ಬಾಳಪ್ಪ ಪಾಲಕರ ಕುರ್ಚಿಗಳಲ್ಲಿ ಕೂತಿದ್ದರು. ಬಾಳಪ್ಪ ರುಮಾಲು ಸುತ್ತಿಕೊಂಡೇ ಬಂದಿದ್ದ.

ಕಸ್ತೂರಿ ಎದ್ದಳು. ಅವಳ ದನಿ ಜಗಳದಲ್ಲಿ ಒಂದು, ವಂದನಾರ್ಪಣೆಯಲ್ಲಿ ಒಂದು. ಮುಖ್ಯ ಅತಿಥಿಗಳಿಂದ ಹಿಡಿದು ನೆಲ ಗುಡಿಸಿದವರವರೆಗೆ ತಡವರಿಸದೆ ಹೇಳಿಕೊಂಡು ಬಂದಳು. ಈರಣ್ಣನಿಗೆ, ಒಲೆ ಹಚ್ಚಿ ರವೆ ಹುರಿದದ್ದಕ್ಕೆ ವಂದನೆ ಎಂದಳು. ಪ್ರತಿ ವರ್ಷ ಅವಳು ಅಷ್ಟೇ ಅನ್ನುತ್ತಿದ್ದಳು, ಉಪ್ಪಿಟ್ಟು ಮಾಡಿದ್ದಕ್ಕೆ ಎನ್ನುತ್ತಿರಲಿಲ್ಲ. ಅದನ್ನು ನಾವು ಅವಳ ಚೇಷ್ಟೆ ಎಂದು ತಿಳಿದಿದ್ದೆವು. ಕೊನೆಗೆ ನನ್ನ ಹೆಸರಿಗೆ ಬಂದು ನಿಂತಳು.

ಆಗ ನೀಲವ್ವ ಕೈ ಎತ್ತಿ, ಫಕ್ಕೀರಪ್ಪ ಅವತ್ತು ಬೈದು ಬೈದು ನಮ್ಮನ್ನು ಸ್ಟೇಜಿಗೆ ಹತ್ತಿಸಿದ, ಇಲ್ಲದಿದ್ದರೆ ನಾಚಿಕೆಯಿಂದ ಹತ್ತುತ್ತಿರಲಿಲ್ಲ, ಅದನ್ನು ಹೇಳಬಹುದಲ್ಲ ಎಂದಳು. ನನಗೆ ಎದೆ ಉಬ್ಬಿತು. ಗಂಗಾಧರ, ನನ್ನನ್ನೂ ಅವನೇ ಹಿಂದಿನಿಂದ ನೂಕಿದ, ಆ ನೂಕಿಗೇ ಮೊದಲ ಕೆಮ್ಮು ಬಂದದ್ದು ಎಂದ. ಎಲ್ಲರಿಗೂ ಖುಷಿಯಾಯಿತು. ಬೈದು ಬೈದು ಕಾರ್ಯಕ್ರಮ ನಡೆಸಿದವನೇ ನಾನು ಎಂದು ಆಗಲೇ ಮಾತಾಡಿಕೊಂಡರು. ನನ್ನ ಹೆಂಡತಿ ಕನ್ನಡಕ ತೆಗೆದು ಒರೆಸಿಕೊಂಡಳು. ಕಸ್ತೂರಿ ಅದನ್ನೇ ಹೇಳಿದಳು. ಜವಾನ ಕೈ ಎತ್ತಿ ಹೊಡೆದ.

ತಪ್.

ನೀಲವ್ವ ಮೊಣಕಾಲು ಹಿಡಿದುಕೊಂಡು, ಹಾಗಾದರೆ ಹತ್ತಿಸಿದ್ದು ಡ್ರಿಲ್ ಮಾಸ್ತರರೇ ಇರಬೇಕು ಎಂದಳು. ನೂಕಿದ್ದಕ್ಕೆ ಬೇರೆಯಾಗಿ ಹೇಳಿಸಿ ನೋಡಿದೆವು. ತಪ್. ಬಾಳಪ್ಪ ರುಮಾಲು ಸರಿ ಮಾಡಿಕೊಂಡ. ಭಾಗೀರಥಿ ತನ್ನ ಕೈಗಳನ್ನೇ ನೋಡುತ್ತಿದ್ದಳು.

ನನಗೆ ಸಿಟ್ಟು ಬರುವುದು ಸಹಜ, ಎಲ್ಲರೂ ಅದಕ್ಕೆ ಕಾದು ಕೂತಿದ್ದರು. ಗಂಗಾಧರ ಮುನ್ನೆಚ್ಚರಿಕೆಯಿಂದ ಬೆಂಚು ಹಿಂದೆ ಸರಿಸಿದ. ಆದರೆ ಸಿಟ್ಟು ಬರಲಿಲ್ಲ. ಮೂವತ್ತು ವರ್ಷ ಈ ಹೆಂಗಸಿನ ಮೇಲೆ ಹರಿಹಾಯ್ದಿದ್ದೇನೆ, ಅವಳು ಹೇಳುವುದೇ ಖರೆ ಇದ್ದರೆ ಎಂದು ಮೊದಲ ಸಲ ಅನಿಸಿತು. ಎದ್ದು ನಿಂತು ಕೈ ಕಟ್ಟಿಕೊಂಡೆ.

“ಸರ್, ನಾ ಅವತ್ತು ಏನೂ ಮಾಡಿಲ್ಲ,” ಎಂದೆ. “ಕಸ್ತೂರಿ ಹೇಳೋದು ಬರೋಬ್ಬರಿ ಅದ. ಮಂದಿ ದುಡೀತಿದ್ದರು, ನಾ ತಿರುಗಾಡಿಕೊಂಡಿದ್ದೆ. ಧಾರೆ ಬಾಳಪ್ಪ ಎರೀಲಿ. ಇವರನ್ನೆಲ್ಲ ಇನ್ನ ಕೂಡಿಸಿ ಇಡಬ್ಯಾಡ್ರಿ, ಹೋಗಲಿ.”

ಪ್ರಭುಲಿಂಗಪ್ಪ ಎದ್ದು ಏನೋ ಹೇಳಲು ಹೋದ. ಅಷ್ಟರಲ್ಲಿ ಕಸ್ತೂರಿ, “ಕೂಡು ಫಕ್ಕೀರ್ಯಾ, ಸುಳ್ಳು ಹೇಳಬ್ಯಾಡ,” ಎಂದಳು. ದನಿ ಜಗಳದ್ದೂ ಅಲ್ಲ, ವಂದನಾರ್ಪಣೆಯದ್ದೂ ಅಲ್ಲ. ಹಾಗೆ ಮಾತಾಡುವುದನ್ನು ನಾವು ಯಾರೂ ಕೇಳಿರಲಿಲ್ಲ.

ಅವಳು ನನ್ನನ್ನು ನೋಡದೆ, ಕರಿಹಲಗೆಯ ಕೋಳಿಯನ್ನು ನೋಡುತ್ತ ಹೇಳಿದಳು. ಪರಪರಿ ಅಂಟಿಸಲು ಮೆಹಬೂಬ ಮೈದಾಹಿಟ್ಟು ಕುದಿಸಿ ತೆಳ್ಳಗೆ ಅಂಟು ಮಾಡಿ ಒಲೆಯ ಬದಿಗೆ ಮಡಕೆಯಲ್ಲಿ ಇಟ್ಟಿದ್ದನಂತೆ. ಈರಣ್ಣ ರವೆ ಹುರಿದು, ಎಸರು ಕಡಿಮೆ ಬಿತ್ತು, ಎರಡು ತಂಬಿಗೆ ನೀರು ಹಾಕು ಎಂದು ಅವಳಿಗೆ ಹೇಳಿ ಕರಿಬೇವು ತರಲು ಹೋದನಂತೆ. ಅವಳು ವಂದನಾರ್ಪಣೆಯನ್ನು ಕಣ್ಣು ಮುಚ್ಚಿ ಬಾಯಿಪಾಠ ಮಾಡುತ್ತ ನಿಂತಿದ್ದಳು. ಕೈಗೆ ಸಿಕ್ಕ ಮಡಕೆ ಎತ್ತಿ ಹೊಯ್ದಳು. ಕಣ್ಣು ತೆರೆದು ನೋಡಿದಾಗ ಸೌಟು ಪಾತೇಲಿಯಲ್ಲಿ ನೆಟ್ಟಗೆ ನಿಂತಿತ್ತು.

ಆಮೇಲೆ ನಡೆದದ್ದು ನಮಗೆಲ್ಲ ಅರ್ಧ ನೆನಪಿತ್ತು. ಡ್ರಿಲ್ ಮಾಸ್ತರರು ಒಂದು ಬೆರಳು ನೆಕ್ಕಿ ನೋಡಿ, ಇದನ್ನು ನಾಯಿಯೂ ಮೂಸುವುದಿಲ್ಲ, ಎಷ್ಟು ಉಳಿಯುತ್ತದೋ ಅಷ್ಟನ್ನೂ ಮಾಡಿದವರ ತಲೆಯ ಮೇಲೆ ಹೊರಿಸಿ ಊರು ಸುತ್ತಿಸುತ್ತೇನೆ ಎಂದಿದ್ದರು. ಈರಣ್ಣ ಅಳುತ್ತಿದ್ದ. ಕಸ್ತೂರಿಗೆ ಅಳುವುದಕ್ಕೂ ಬಾಯಿ ಇರಲಿಲ್ಲ.

“ನೀ ಎಲ್ಲಿಂದಲೋ ಬಂದಿ,” ಎಂದಳು. “ಯಾಕ, ಏನಾಗೇದ ಇದಕ್ಕ, ನಾಯಿ ತಿನ್ನದಿದ್ದರ ನಾ ತಿಂತೀನಿ ಅಂದು ಮಾಸ್ತರ ಮಾರಿ ಮುಂದ ಕೂತಿ. ಒಬ್ಬನ ಕೂತು ಅಷ್ಟೂ ತಿಂದಿ. ತಳ ಕೆರೆದು ತಿಂದಿ. ಹೊರಸಾಕ ಏನೂ ಉಳೀಲಿಲ್ಲ. ನಿನ್ನ ದವಡಿ ಅಂಟಿಕೊಂಡು ಸಂಜಿತನಕ ಮಾತು ಹೊರಡಲಿಲ್ಲ. ಅವತ್ತೊಂದಿನ ಈ ಊರಾಗ ಜಗಳ ಇರಲಿಲ್ಲ.” ಹೆಡ್‌ಮಾಸ್ತರರ ಕಡೆ ತಿರುಗಿ, ಕೈ ಜೋಡಿಸಿ, “ನಾ ಕೆಡಿಸಿದ ಉಪ್ಪಿಟ್ಟು ತಿಂದದ್ದಕ್ಕ ಫಕ್ಕೀರಪ್ಪಗ ವಂದನೆ,” ಎಂದಳು.

ಜವಾನನಿಗೆ ಹೊಡೆಯಬೇಕೆಂಬುದೇ ಮರೆತಿತ್ತು. ಪ್ರಭುಲಿಂಗಪ್ಪ ಸನ್ನೆ ಮಾಡಿದ ಮೇಲೆ ಹೊಡೆದ.

ಆ ಸದ್ದನ್ನು ನಾನು ಬೇರೆಯವರಿಗೆ ಮೊಳಗಿದಾಗ ಕೇಳಿದ್ದೆ, ಹೊರಗಿನಿಂದ. ಒಳಗೆ ಕೂತು ಕೇಳಿದರೆ ಅದು ಹಲ್ಲಿನಲ್ಲಿ, ಬೆಂಚಿನ ಹಲಗೆಯಲ್ಲಿ, ಅಂಗಿಯ ಗುಂಡಿಯಲ್ಲಿ ಮೊಳಗುತ್ತದೆ. ಬೀದಿಯಲ್ಲಿ ಯಾರೋ ಸೈಕಲ್ ನಿಲ್ಲಿಸಿದರು. ಮುಗಿದ ಮೇಲೂ ಯಾರೂ ಏಳಲಿಲ್ಲ. ದೊಡ್ಡವರಾಗಿ ಮೊದಲು ಏನು ಮಾಡಬೇಕು ಎಂಬುದು ಒಬ್ಬರಿಗೂ ತಿಳಿಯದು. ಸುವರ್ಣಾ ಮಾತ್ರ ನಾಳೆಯಿಂದ ಬಸ್ಸಿಗೆ ಪೂರ್ತಿ ಟಿಕೆಟು ಎಂದು ಮೆಲ್ಲಗೆ ಅಂದಳು.

ನನಗೆ ಆಗ ಬಂತು ಸಿಟ್ಟು. ಬಂದದ್ದು ಗಂಟೆಯ ಮೇಲಲ್ಲ, ತಿಂದದ್ದರ ಮೇಲೆ. ಒಬ್ಬೊಬ್ಬರಿಗೆ ಕುಣಿದದ್ದಕ್ಕೆ, ಬರೆದದ್ದಕ್ಕೆ ವಂದನೆ, ನನಗೆ ಪಾತೇಲಿ ಕೆರೆದದ್ದಕ್ಕೆ. ಬೀಗರ ಮುಂದೆ ಏನೆಂದು ಹೇಳಿಕೊಳ್ಳಲಿ? ಅದನ್ನು ನಾನು ಕೆಲಸ ಎಂದು ಲೆಕ್ಕಕ್ಕೇ ಹಿಡಿದಿರಲಿಲ್ಲ. ಖರೆ ಹೇಳಬೇಕೆಂದರೆ ಆ ಉಪ್ಪಿಟ್ಟು ನನಗೆ ರುಚಿಯಾಗೇ ಇತ್ತು. ಹಾಗೆಂದು ಕೂಗಿ ಹೇಳಿದೆ. ಕಸ್ತೂರಿ ನಕ್ಕುಬಿಟ್ಟಳು. ಅವಳ ಹಲ್ಲು ಅಷ್ಟು ಸಾಲಾಗಿವೆ ಎಂದು ನಮಗೆ ಗೊತ್ತಿರಲಿಲ್ಲ.

ಗಂಗಾಧರ ಕೆಮ್ಮುತ್ತ ಎದ್ದು, ಹಾಗಾದರೆ ನಿನಗೆ ಇದು ಮೊದಲಿನಿಂದ ಗೊತ್ತಿತ್ತು, ಗೊತ್ತಿದ್ದೂ ನಮ್ಮನ್ನು ಮೂವತ್ತು ವರ್ಷ ಕೂರಿಸಿದೆ ಎಂದ. ಅವಳ ನಗು ನಿಂತಿತು. ಗೊತ್ತಿತ್ತು ಎಂದಳು. ಮೊದಲ ವರ್ಷ ಹೇಳಲು ಹೆದರಿಕೆ, ಮುಂದಿನ ವರ್ಷ ಹೇಳೋಣ ಎಂದುಕೊಂಡೆ. ಆಮೇಲೆ ಖಾನಾವಳಿ ಇಟ್ಟೆ. ಅಂಟು ಕಸ್ತೂರಿಯ ಖಾನಾವಳಿಗೆ ಉಣ್ಣಲು ಯಾರು ಬರುತ್ತಿದ್ದರು, ಎಂದು ಕೇಳಿದಳು. ನಾವೆಲ್ಲ ಈರಣ್ಣನನ್ನು ನೋಡಿದೆವು.

ಈರಣ್ಣ ಆ ಖಾಲಿ ಪಾತೇಲಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. ಬೈಯುತ್ತಾನೆ ಎಂದುಕೊಂಡೆ. ಅವನಿಗೆ ಬೈಯಲು ಬಾರದಿದ್ದರೆ ಅವನ ಪರವಾಗಿ ನಾನು ಬೈಯಲು ತಯಾರಿದ್ದೆ.

“ಅಂದರ,” ಎಂದ ಈರಣ್ಣ, “ರವಾ ನಾ ಚಲೋ ಹುರಿದಿದ್ದೆ?”

“ಚಲೋ ಹುರಿದಿದ್ದಿ,” ಎಂದಳು ಕಸ್ತೂರಿ. “ಅಷ್ಟು ಚಲೋ ನನಗ ಇವತ್ತಿಗೂ ಬರಂಗಿಲ್ಲ.”

ಅವನು ಪಾತೇಲಿಯ ಒಳಗೆ ನೋಡುತ್ತ ತಲೆಯಾಡಿಸಿದ. ಮತ್ತೆ ಅವಳ ಮುಖ ನೋಡಲಿಲ್ಲ.

ಕಸ್ತೂರಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈಚೀಲ ಎತ್ತಿಕೊಂಡು, ಪಡಸಾಲೆಯ ಮೆಟ್ಟಿಲು ಇಳಿದು, ಚಪ್ಪಲಿ ಮೆಟ್ಟಿಕೊಂಡಳು. ಮೂವತ್ತು ವರ್ಷದಲ್ಲಿ ಯಾವ ಮಾಸ್ತರರನ್ನೂ ಕೇಳದೆ ನಮ್ಮ ತರಗತಿಯವರು ಆ ಅಂಗಳ ದಾಟಿದ್ದು ಅದೇ ಮೊದಲು. ನನ್ನ ಮಗಳು ಎದ್ದು ಬಂದು ನನ್ನ ಪಕ್ಕ ನಿಂತಿದ್ದಳು, ಬಾಳಪ್ಪ ರುಮಾಲು ಬಿಚ್ಚಿ ಮಡಚುತ್ತಿದ್ದ. ಅದನ್ನು ನೋಡುವ ಸುಖ ಬಿಟ್ಟು ನಾನು ಅಂಗಳಕ್ಕೆ ಓಡಿದೆ.

“ಏ ಕಸ್ತೂರಿ, ಮಂಗಳವಾರ ಲಗ್ನ ಅದ,” ಎಂದು ಕೂಗಿದೆ. “ಬರದಿದ್ದರ ನೋಡು. ನಿನ್ನ ಖಾನಾವಳಿ ಮುಂದ ಬಂದು ಕೂಡತೀನಿ, ಒಂದು ಗಿರಾಕಿ ಒಳಗ ಬಿಡಂಗಿಲ್ಲ. ನಿನಗ ಬಯ್ಯೋದು ಬಹಳ ಅದ. ಮೂವತ್ತು ವರ್ಷದ್ದು ಅದ.”

ಅವಳು ತಿರುಗಲಿಲ್ಲ. ಬೆನ್ನ ಹಿಂದೆಯೇ ಒಂದು ಕೈ ಎತ್ತಿ ಆಡಿಸಿದಳು. ಆಗಲಿ ಎಂದೋ, ಸಾಕು ಎಂದೋ. ಗೇಟು ದಾಟಿದಳು. ಎಡಕ್ಕೆ ಹೋದರೆ ಅವಳ ಖಾನಾವಳಿ, ಬಲಕ್ಕೆ ಹೋದರೆ ಬಸ್‌ಸ್ಟ್ಯಾಂಡು. ಅವಳು ಬಲಕ್ಕೆ ತಿರುಗಿದಳು. ತರಕಾರಿ ತರಲು ಹೋದಳು ಎಂದು ನೀಲವ್ವ ಅಂದಳು. ನಾವೂ ಹಾಗೇ ತಿಳಿದೆವು. ಮಧ್ಯಾಹ್ನ ಊಟಕ್ಕೆ ಬಂದ ಗಿರಾಕಿಗಳು ಬಾಗಿಲಲ್ಲಿ ನಿಂತು ನಿಂತು ಹೋದರು.

ಮಂಗಳವಾರ, ಕಸ್ತೂರಿ ಇಲ್ಲದೆಯೇ, ನಾನೂ ಶಿವಗಂಗಾಳೂ ಧಾರೆ ಎರೆದೆವು. ನಾನು ತಂಬಿಗೆಯನ್ನು ಒಮ್ಮೆಲೇ ಬಗ್ಗಿಸಿ ನೀರು ಬೀಗರ ಅಂಗಿಯ ಮೇಲೂ ಬಿತ್ತು, ಬಾಳಪ್ಪ ಆಗಿದ್ದರೆ ಸಣ್ಣಗೆ ಎರೆಯುತ್ತಿದ್ದ ಎಂದು ಹೆಂಡತಿ ಕಿವಿಯಲ್ಲಿ ಅಂದಳು. ಮುಂದಿನ ಶನಿವಾರ ನಾವು ಯಾರೂ ಶಾಲೆಗೆ ಹೋಗಲಿಲ್ಲ. ಹಾಜರಿ ಕೂಗುವ ಹೊತ್ತಿಗೆ ಎಲ್ಲರೂ, ಏನೂ ಮಾತಾಡಿಕೊಳ್ಳದೆ, ಒಬ್ಬೊಬ್ಬರಾಗಿ ಬಂದು ಕಸ್ತೂರಿಯ ಖಾನಾವಳಿಯ ಮುಚ್ಚಿದ ಬಾಗಿಲ ಮುಂದಿನ ಕಟ್ಟೆಯ ಮೇಲೆ ಕೂತೆವು. ಬೈಯುವ ಮಾತುಗಳನ್ನು ನಾನು ವರ್ಷವಾರು ಜೋಡಿಸಿಕೊಂಡು ಬಂದಿದ್ದೆ. ಬಿಸಿಲು ಏರುವವರೆಗೆ ಕಾದೆವು. ಅವಳು ಬರಲಿಲ್ಲ, ಅದರ ಮುಂದಿನ ಶನಿವಾರವೂ ಬರಲಿಲ್ಲ, ಇವತ್ತಿನವರೆಗೂ ಬಂದಿಲ್ಲ.